ಖಾಲಿ ಇದ್ದವಳ ಗೌಜಲಕ್ಕಿಗಳು

ಸೋದರತ್ತೆ ನಿಂಗತ್ತೆಯ ಮನೆಯಲ್ಲಿ ಹಾಲು ಹೆಪ್ಪಾಗುವುದಿಲ್ಲ, ದೋಸೆಹಿಟ್ಟು ಹುಳಿ ಬರುವುದಿಲ್ಲ ಎಂಬ ಕಾರಣಕ್ಕೆ ಅಪ್ಪ ನನ್ನನ್ನು ಅಲ್ಲಿಗೆ ಕಳಿಸಿದರು. ನಾನು ಎಂ.ಎ. ಮುಗಿಸಿಕೊಂಡು ಬಂದು, ಅಣ್ಣನ ಮಕ್ಕಳು ಗಲಾಟೆ ಮಾಡುವ ಮನೆಯಲ್ಲಿ ಕಿಟಕಿಯ ಪಕ್ಕ ಸುಮ್ಮನೆ ಕುಳಿತಿರುತ್ತಿದ್ದ ಕಾಲ ಅದು. ನಮ್ಮ ಊರಿನಲ್ಲಿ ಯಾರೂ ಕಾಯದೆ ಯಾವುದೂ ಬರುವುದಿಲ್ಲ. ಹಾಲು ಮೊಸರಾಗಬೇಕಾದರೆ ಮನೆಯಲ್ಲೊಬ್ಬರು ಅದಕ್ಕೆ ಕಾಯುತ್ತಿರಬೇಕು. ಬಾಳೆಗೊನೆ ಹಣ್ಣಾಗುವುದಕ್ಕೂ, ತಿರುವಿನಲ್ಲಿ ಬಸ್ಸು ಕಾಣಿಸುವುದಕ್ಕೂ, ಗ್ಯಾಸ್ ಸಿಲಿಂಡರಿನ ಗಾಡಿ ಬೀದಿಗೆ ಬರುವುದಕ್ಕೂ ಅದೇ. ಹಾಗೆಂದು ಕಾದದ್ದೆಲ್ಲ ಬಂದೇಬಿಡುತ್ತದೆ ಎಂದಲ್ಲ. ಕಾಯದೇ ಇದ್ದದ್ದು ಬರುವುದಿಲ್ಲ, ಅಷ್ಟೆ. ಒಬ್ಬರು ಒಂದು ಸಲಕ್ಕೆ ಒಂದಕ್ಕೆ ಮಾತ್ರ ಕಾಯಬಲ್ಲರು. ಆದ್ದರಿಂದ ಬೆಳಗಿನ ಕಾಫಿಯ ಹೊತ್ತಿಗೇ ಮನೆಮನೆಯಲ್ಲೂ ಹಂಚಿಕೆ ನಡೆದುಹೋಗುತ್ತದೆ. ಮೊಸರು ಅಜ್ಜಿಗೆ, ಬಸ್ಸು ಅಪ್ಪನಿಗೆ, ಹೊಲಿಯಲು ಕೊಟ್ಟ ರವಿಕೆ ಸೊಸೆಗೆ. ಊಟ ಮಾಡುತ್ತಾ, ಬಟ್ಟೆ ಒಗೆಯುತ್ತಾ, ನಿದ್ದೆ ಮಾಡುತ್ತಲೂ ಕಾಯಬಹುದು. ಮನಸ್ಸು ಮಾತ್ರ ಅದರ ಮೇಲೆ ಕುಳಿತಿರಬೇಕು.

ಬೇಕಾದರೆ ಒಬ್ಬರದನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು. ಅಂಗೈ ಮೇಲೆ ಅಂಗೈ ಇಟ್ಟು, ಗುರುತು ಹೇಳಿ, ‘ಇನ್ನು ನಿಂದು’ ಎನ್ನಬೇಕು. ತೆಗೆದುಕೊಳ್ಳುವವರು ‘ನಂದು’ ಎನ್ನಬೇಕು. ಗುರುತು ಸರಿಯಾಗಿ ಹೇಳಬೇಕು. ಬರೀ ಹಾಲು ಎಂದರೆ ಸಾಲದು. ಯಾವ ಪಾತ್ರೆ, ಮುಚ್ಚಳದಲ್ಲಿ ಎಲ್ಲಿ ನೆಗ್ಗಿದೆ, ಮನೆಯವರಿಗೆ ಗಟ್ಟಿ ಬೇಕೋ ತೆಳುವೋ, ಎಲ್ಲ ಹೇಳಬೇಕು. ಕಾದದ್ದು ಬಂದಾಗ ಮೈಯಿಂದ ಏನೋ ಮೆಲ್ಲಗೆ ಇಳಿದುಹೋಗುತ್ತದೆ, ತಲೆಯ ಮೇಲಿನ ಕೊಡ ಇಳಿಸಿದ ಹಾಗೆ. ಒಮ್ಮೆ ಇಳಿದ ಮೇಲೆ ಅದೇ ಪಾತ್ರೆಯ ಅದೇ ಹಾಲಿಗೆ ಅದೇ ಕೈ ಎರಡನೆಯ ಸಲ ಹಿಡಿಯುವುದಿಲ್ಲ. ನಾಳೆಯ ಹಾಲು ಬೇರೆ.

ನನಗೆ ಕಾಯಲು ಸ್ವಂತದ್ದು ಏನೂ ಇರಲಿಲ್ಲ. ಓದುವಾಗ ಪರೀಕ್ಷೆಗೆ ಕಾದೆ, ಫಲಿತಾಂಶಕ್ಕೆ ಕಾದೆ, ಅವೆರಡೂ ಬಂದವು. ಆಮೇಲೆ ಯಾವುದರ ಮೇಲೂ ಮನಸ್ಸು ಕೂರಲಿಲ್ಲ. ಕೆಲಸಕ್ಕೆ ಕಾಯಿ ಎಂದರು ಅಪ್ಪ, ಗಂಡಿಗೆ ಕಾಯಿ ಎಂದರು ಅಮ್ಮ. ಪ್ರಯತ್ನಿಸಿದೆ. ಮಣ್ಣು ಗೋಡೆಗೆ ಹೊಡೆದ ಮೊಳೆಯಂತೆ ಆ ಕಾಯುವಿಕೆ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ಹೀಗಾಗಿ ನಾನು ಅತ್ತೆಯ ಬೀದಿಗೆ ಬಂದದ್ದೇ ಎಲ್ಲರಿಗೂ ಅನುಕೂಲವಾಯಿತು. ಪಕ್ಕದ ಮನೆಯ ದಾಕ್ಷಾಯಕ್ಕ ದಿನಾ ಬೆಳಗ್ಗೆ ಪಾತ್ರೆ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತು, “ಕುಮುದ ಖಾಲಿ ಇದ್ದಾಳಾ?” ಎಂದು ಕೇಳುತ್ತಿದ್ದಳು. ನಾನು ಯಾವಾಗಲೂ ಖಾಲಿ ಇರುತ್ತಿದ್ದೆ. ಅವಳ ಮೊಸರು, ಎದುರು ಮನೆಯವರ ಸಿಲಿಂಡರು, ಟೈಲರ್ ಬಸವಣ್ಣನ ಬಸ್ಸು, ಒಂದರ ಹಿಂದೆ ಒಂದು. ನಾನು ಕಾದ ಮೊಸರಿನಲ್ಲಿ ಚಮಚ ನೆಟ್ಟಗೆ ನಿಲ್ಲುತ್ತದೆ ಎಂದು ಬೀದಿಯಲ್ಲಿ ಹೆಸರಾಯಿತು. ಹೊಗಳಿಕೆಯೇ ಅದು. ಕೇಳಿದಾಗೆಲ್ಲ ನನಗೆ, ಯಾರೂ ವಾಸವಿಲ್ಲದ ಮನೆಯನ್ನು ಮದುವೆಗಳಿಗೆ ಬಾಡಿಗೆ ಕೊಡುತ್ತಾರಲ್ಲ, ಆ ಮನೆಯ ನೆನಪಾಗುತ್ತಿತ್ತು.

ನಿಂಗತ್ತೆ ಹಾಗಲ್ಲ. ಅವಳು ನಾನು ಕಂಡಂತೆ ಖಾಲಿ ಇದ್ದದ್ದೇ ಇಲ್ಲ. ಅವಳ ಗಂಡ ಸಣ್ಣಪ್ಪ ಮಾವ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದ. ಸೈಕಲ್ಲಿಗೆ ಚೀಲ ನೇತುಹಾಕಿಕೊಂಡು ಊರೂರು ತಿರುಗುವುದು, ಎರಡು ಮೂರು ದಿನಕ್ಕೆ ವಾಪಸು ಬರುವುದು. ನಾನು ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗ ಹಾಗೆ ಹೋದವನು ಬರಲಿಲ್ಲ. ಜಗಳವಿರಲಿಲ್ಲ, ಕಾಯಿಲೆಯಿರಲಿಲ್ಲ. ಹುಡುಕಿದರು, ಏನೂ ಗೊತ್ತಾಗಲಿಲ್ಲ. ಅಂದಿನಿಂದ ಅತ್ತೆ ಜಗಲಿಯ ಮೇಲೆ ರಸ್ತೆಯ ತಿರುವಿಗೆ ಮುಖ ಮಾಡಿ ಕೂರುತ್ತಾಳೆ. ಅಡುಗೆ ಮಾಡುತ್ತಾಳೆ, ಗುಡಿಸುತ್ತಾಳೆ, ಮಾತಾಡಿಸಿದರೆ ಮಾತಾಡುತ್ತಾಳೆ. ಆದರೆ ಅವಳು ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಉಳಿದು ಕೊನೆಗೆ ಕೆಟ್ಟುಹೋಗುತ್ತದೆ. ಕೊಟ್ಟುಬಿಡು, ಯಾರಿಗಾದರೂ ಒಪ್ಪಿಸಿ ಸ್ವಲ್ಪ ದಿನ ಹಗುರಾಗು ಎಂದು ಅಪ್ಪ ಎಷ್ಟೋ ಸಲ ಹೇಳಿದ್ದರಂತೆ. ಅವಳು ಒಪ್ಪಿರಲಿಲ್ಲ. ನಾನು ಆ ಮನೆಗೆ ಬಂದ ಮೇಲೆ ಮಾವನ ಬಗ್ಗೆ ಒಂದು ಮಾತೂ ಅವಳ ಬಾಯಿಂದ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಇಬ್ಬರೂ ಮೌನಕ್ಕೆ ಒಗ್ಗಿದವರಾದ್ದರಿಂದ ದಿನಗಳು ಸಲೀಸಾಗಿಯೇ ಸಾಗುತ್ತಿದ್ದವು.

ಸಂತೆಯಲ್ಲಿ ಗೌಜಲಕ್ಕಿ ಮಾರುವ ಬಾಬಾಜಾನ್ ಹೊರಗಿನವನು. ಅವನ ಊರಿನಲ್ಲಿ ನಮ್ಮ ಹಾಗಿಲ್ಲ. ಬಸ್ಸು ಬರುವ ಹೊತ್ತಿಗೆ ಬರುತ್ತದಂತೆ, ಮೊಸರು ಅದರಷ್ಟಕ್ಕೆ ಆಗುತ್ತದಂತೆ. ನಾನು ಅವನ ಪಂಜರದ ಮುಂದೆ ನಿಂತು ಹಕ್ಕಿಗಳನ್ನು ನೋಡುತ್ತಿದ್ದೆ. ಹುಲ್ಲಿನ ಬಣ್ಣದ, ದುಂಡನೆಯ, ಕುತ್ತಿಗೆಯೇ ಇಲ್ಲದಂಥ ಹಕ್ಕಿಗಳು. ಒಂದು ಅಲ್ಲೇ ನಿಂತಲ್ಲೇ ಮೊಟ್ಟೆ ಇಟ್ಟು, ಅದನ್ನು ಕಾಲಿನಿಂದ ಆಚೆ ತಳ್ಳಿ, ಕಾಳು ಹೆಕ್ಕಲು ಹೋಯಿತು. ಕಾವಿಗೆ ಕೂರುವುದಿಲ್ಲವೇ ಎಂದು ಕೇಳಿದೆ. ಸಾಕಿ ಸಾಕಿ ಇವು ಅದನ್ನು ಮರೆತೇಬಿಟ್ಟಿವೆ, ಈಗ ತಾಯಿ ಅಂದರೆ ಬಲ್ಬೇ ಎಂದ ಅವನು. ಆ ಮಾತು ನನ್ನ ಜೊತೆ ಸಂತೆಯೆಲ್ಲ ಸುತ್ತಿತು. ಈರುಳ್ಳಿ ತೂಗಿಸುವಾಗ, ಚಪ್ಪಲಿ ಹೊಲಿಸುವಾಗ, ಆ ತಳ್ಳಿದ ಮೊಟ್ಟೆ ಕಣ್ಣ ಮುಂದೆಯೇ ಉರುಳುತ್ತಿತ್ತು. ಇಟ್ಟವಳೂ ಕಾಯದ ಮೊಟ್ಟೆ. ಹಿಂದಕ್ಕೆ ಹೋಗಿ, ಮರಿ ಮಾಡಿಸಲು ಮೊಟ್ಟೆ ಕೊಡು ಎಂದೆ. ಅವನು ನನ್ನನ್ನು ನೋಡಿ, “ನಿಮ್ಮೂರಿಗಾ? ನಮ್ಮ ಕಡೆ ಆದ್ರೆ ಬಲ್ಬ್ ಹಾಕಿ ಮಲ್ಕೊಂಡ್ರೆ ಸಾಕಮ್ಮ. ನಿಮ್ಮೂರಿಗೆ ಮೊಟ್ಟೆ ಜೊತೆ ನಿಮ್ಮನ್ನೂ ಪೆಟ್ಟಿಗೆಯೊಳಗೆ ಇಡಬೇಕು” ಎಂದು ನಕ್ಕ. ಆದರೂ ಹಸನಾದವನ್ನು ಆರಿಸಿ, ಅಕ್ಕಿಯ ತೌಡು ತುಂಬಿದ ಡಬ್ಬದಲ್ಲಿ ಒಂದೊಂದನ್ನೇ ಹೂತು ಕೊಟ್ಟ. ಡಬ್ಬ ತುಂಬಾ ಮೊಟ್ಟೆಗಳು, ಒಂದೊಂದೂ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು.

ಅವನು ಹೇಳಿದಂತೆ ಮೀನು ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತೊಳೆದು ಒಣಗಿಸಿದೆ. ಮುಚ್ಚಳದಲ್ಲಿ ಚೌಕ ಕೊರೆದು ಗಾಜು ಕೂರಿಸಿದೆ. ಒಳಗೆ ಬಲ್ಬು, ಶಾಖ ಹೆಚ್ಚಾದಾಗ ಅದನ್ನು ಆರಿಸುವ ಸಣ್ಣದೊಂದು ಯಂತ್ರ, ಶಾಖ ನೋಡಲು ಥರ್ಮಾಮೀಟರು, ತೇವಕ್ಕೆ ನೀರಿನ ಬಟ್ಟಲು, ಅದರ ಮೇಲೆ ತಂತಿಯ ಜಾಲರಿ. ಮನುಷ್ಯರ ಮೈಗಿಂತ ಒಂದಿಷ್ಟೇ ಹೆಚ್ಚು ಬಿಸಿ ಇರಬೇಕು. ಮೊದಲ ದಿನವೆಲ್ಲ ಬಲ್ಬನ್ನು ಮೇಲೆ ಕೆಳಗೆ ಮಾಡುತ್ತಾ, ತೂತು ಕೊರೆಯುತ್ತಾ, ಕೊರೆದದ್ದನ್ನು ಮುಚ್ಚುತ್ತಾ ಕಳೆದೆ. ಕಡೆಗೆ ಪಾದರಸ ನಿಂತಲ್ಲಿ ನಿಂತಾಗ ಮೊಟ್ಟೆಗಳನ್ನು ಜೋಡಿಸಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ‘ನಂದು’ ಎಂದೆ. ಹಾಗೆ ಯಾರೂ ಕೊಡದೆ ನಾನಾಗಿಯೇ ಆ ಮಾತು ಹೇಳಿದ್ದು ಅದೇ ಮೊದಲು. ಅತ್ತೆ ಜಗಲಿಯಿಂದ ತಲೆ ತಿರುಗಿಸಿ ನೋಡಿದಳು.

ಮರುದಿನ ದಾಕ್ಷಾಯಕ್ಕ ಪಾತ್ರೆ ಹಿಡಿದು ಬಂದಾಗ ಖಾಲಿ ಇಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಪೆಟ್ಟಿಗೆ ತೋರಿಸಿದೆ. ಗಾಜಿನೊಳಗೆ ಬಗ್ಗಿ ನೋಡಿ, “ಇದಕ್ಕಾ? ಎಂ.ಎ. ಓದಿ ಬಲ್ಬಿನ ಕೆಳಗೆ ಕಾವು ಕೂತ್ಕೊಂಡ್ಯೇನೇ ತಾಯಿ” ಎಂದಳು. ಅವಳಿಗೆ ಮಗಳ ಹೆರಿಗೆ ಹತ್ತಿರವಾಗಿತ್ತು, ಅದಕ್ಕೆ ಕಾಯುವುದರಲ್ಲಿ ಮೊಸರಿಗೆ ಕೈಯಿರಲಿಲ್ಲ. ಎರಡೂವರೆ ವಾರ ನಮ್ಮ ಬೀದಿಯಲ್ಲಿ ಮೊಸರಿಗೆ ಬರ ಬಂತು. ಅನ್ನಕ್ಕೆ ಹಾಲು ಹಾಕಿಕೊಂಡು ತಿನ್ನುವಾಗ ಬೀದಿಯವರೆಲ್ಲ ನನ್ನ ಗೌಜಲಕ್ಕಿಗಳನ್ನು ನೆನೆಯುತ್ತಿದ್ದರಂತೆ. ಬಸವಣ್ಣನಂತೂ ರಸ್ತೆಯಲ್ಲಿ ಕಂಡಾಗ, ಮರಿ ಬಂದ ಮೇಲೆ ಅವಕ್ಕೇ ಮಜ್ಜಿಗೆ ಕಡೆಯಲು ಹೇಳು ಎಂದ.

ದಿನಕ್ಕೆ ಮೂರು ಸಲ ಮೊಟ್ಟೆಗಳನ್ನು ಹೊರಳಿಸಬೇಕು, ಇಲ್ಲದಿದ್ದರೆ ಒಳಗಿನ ಜೀವ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಒಂದು ಬದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಗೆರೆ ಮೇಲಿದ್ದರೆ ಕೆಳಕ್ಕೆ, ಕೆಳಗಿದ್ದರೆ ಮೇಲಕ್ಕೆ. ಯಾವ ಎರಡು ಮೊಟ್ಟೆಯೂ ಒಂದೇ ಥರ ಇರಲಿಲ್ಲ. ಕೆಲವದರ ಮೇಲೆ ಮಸಿ ಚೆಲ್ಲಿದಂತೆ ಮಚ್ಚೆಗಳು, ಕೆಲವದರ ಮೇಲೆ ಸಾಸಿವೆ ಉದುರಿಸಿದಂತೆ. ಒಂದಕ್ಕೆ ಮಾತ್ರ ಮಚ್ಚೆಗಳೆಲ್ಲ ದಪ್ಪ ತುದಿಯಲ್ಲೇ ಗುಂಪಾಗಿ ಕೂತು, ಉಳಿದದ್ದು ಬಿಳುಪಾಗಿ, ಥೇಟ್ ಟೋಪಿ ಹಾಕಿಕೊಂಡಂತೆ ಕಾಣುತ್ತಿತ್ತು. ಅದನ್ನು ಟೋಪಿ ಎಂದೇ ಕರೆಯತೊಡಗಿದೆ. ಹೊರಳಿಸುವುದನ್ನು ಟೋಪಿಯಿಂದ ಶುರು ಮಾಡಿ, ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಅದನ್ನೇ ಕೈಗೆತ್ತಿಕೊಂಡು ಕಿವಿಗೆ ಹಿಡಿಯುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ. ಆದರೆ ಅದು ಮೊಸರಿನ ಮೌನವೂ ಆಗಿರಲಿಲ್ಲ, ಬಸ್ಸು ಬಾರದ ರಸ್ತೆಯ ಮೌನವೂ ಆಗಿರಲಿಲ್ಲ. ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂಥ ಮೌನ. ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ ಎಂದು ಈಗ ಅನ್ನಿಸುತ್ತದೆ. ಆಗ ಅದಕ್ಕೆ ಹೆಸರಿಡಲು ತೋಚಿರಲಿಲ್ಲ.

ಒಂದು ಮಧ್ಯಾಹ್ನ ಬಿರುಗಾಳಿ ಬೀಸಿ ಕರೆಂಟು ಹೋಯಿತು. ಬಾಟಲಿಗಳಿಗೆ ಬಿಸಿನೀರು ತುಂಬಿ ಪೆಟ್ಟಿಗೆಯ ಒಳಗೆ ಜೋಡಿಸಿದೆ, ಮೇಲೆ ನನ್ನ ಸೀರೆಗಳನ್ನು ಹೊದಿಸಿದೆ. ಪಾದರಸ ಇಳಿಯುತ್ತಲೇ ಇತ್ತು. ಆಗ ಅತ್ತೆ ಜಗಲಿಯಿಂದೆದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದಾಯಿತು. ದಪ್ಪನೆಯ ಕಂದು ರಗ್ಗೊಂದನ್ನು ತಂದು, ಮಡಿಕೆ ಬಿಚ್ಚಿ, ಪೆಟ್ಟಿಗೆಯ ಸುತ್ತ ಸುತ್ತಿ, ತುದಿಗಳನ್ನು ಒಳಕ್ಕೆ ಸಿಕ್ಕಿಸಿದಳು. ನುಸಿಗುಳಿಗೆಯ ವಾಸನೆಯ ಜೊತೆಗೆ ಮೆಷಿನ್ ಎಣ್ಣೆಯ ವಾಸನೆಯೂ ಅದರಿಂದ ಬಂತು. ಯಾರ ರಗ್ಗು ಎಂದು ಕೇಳಬೇಕಾಗಿರಲಿಲ್ಲ. ಅವಳು ಒಂದು ಗಳಿಗೆ ಪೆಟ್ಟಿಗೆಯ ಪಕ್ಕ ಕೂತು, ಆಮೇಲೆ ಏನೋ ತಪ್ಪು ಮಾಡಿದವಳಂತೆ ಗಡಬಡಿಸಿ ಎದ್ದು ಜಗಲಿಗೆ ಹೋದಳು. ಕರೆಂಟು ಬರುವವರೆಗೆ ಪಾದರಸ ಅಲುಗಲಿಲ್ಲ.

ಕೊನೆಯ ಮೂರು ದಿನ ಹೊರಳಿಸಬಾರದು, ಮುಚ್ಚಳ ತೆರೆಯಬಾರದು, ನೀರು ಮಾತ್ರ ಸ್ವಲ್ಪ ಹೆಚ್ಚಿರಬೇಕು. ಬಾಬಾಜಾನ್ ಇನ್ನೊಂದು ಮಾತು ಹೇಳಿದ್ದ. ಗೌಜಲಮರಿಗಳು ಚಿಪ್ಪಿನ ಒಳಗಿದ್ದಾಗಲೇ ಟಿಕ್ ಟಿಕ್ ಎಂದು ಒಂದಕ್ಕೊಂದು ಸದ್ದು ಕೊಟ್ಟುಕೊಳ್ಳುತ್ತವಂತೆ. ನೀನು ಬರ್ತೀಯಾ, ನಾನು ಬರ್ಲಾ ಎಂದು ಕೇಳಿಕೊಂಡು, ಮುಂದಿದ್ದವು ನಿಂತು, ಹಿಂದಿದ್ದವು ಚುರುಕಾಗಿ, ಎಲ್ಲ ಒಟ್ಟಿಗೇ ಬರುತ್ತವಂತೆ. ನಾನು ಗಾಜಿಗೆ ಕಿವಿಯಿಟ್ಟೆ. ಹೌದು, ಕೇಳಿಸಿತು. ಗಡಿಯಾರದ ಅಂಗಡಿಯ ಮುಂದೆ ಹಾದುಹೋದಂತೆ. ಅತ್ತೆಗೂ ಕೇಳಿಸಿರಬೇಕು. ಅನ್ನ ಬಸಿಯುತ್ತಿದ್ದವಳು ಗಂಜಿಯ ತಪ್ಪಲೆ ಹಾಗೇ ಹಿಡಿದುಕೊಂಡು ನಿಂತಿದ್ದಳು.

ಮರುದಿನ ಬೆಳಗ್ಗೆ ಟೋಪಿ ಒಡೆಯಿತು. ಮೊದಲು ನಕ್ಷತ್ರದಂಥ ಬಿರುಕು, ಆಮೇಲೆ ದಪ್ಪ ತುದಿಯ ಸುತ್ತಲೂ ಸಾಲಾಗಿ ಕೊರೆದ ಗೆರೆ. ಮಚ್ಚೆಯ ಟೋಪಿಯನ್ನು ನಿಜವಾಗಿಯೂ ಎತ್ತಿ ಬದಿಗಿಟ್ಟಂತೆ ಚಿಪ್ಪು ತೆರೆದುಕೊಂಡಿತು. ಹೆಬ್ಬೆರಳಿನ ತುದಿಯಷ್ಟು, ಒದ್ದೆಯಾದ, ಬೆನ್ನಿನ ಮೇಲೆ ಗೆರೆಗಳಿದ್ದ ಜೀವವೊಂದು ಹೊರಬಿದ್ದು, ಎದ್ದು, ಬಿದ್ದು, ಮತ್ತೆ ಎದ್ದಿತು. ನನ್ನ ಮೈಯಿಂದ ಕೊಡ ಇಳಿಯಿತು. ಎಂದೂ ಅಷ್ಟು ಪೂರ್ತಿಯಾಗಿ ಇಳಿದಿರಲಿಲ್ಲ. ನಗುತ್ತಾ ಅಳುತ್ತಾ ಕೂತಿದ್ದವಳಿಗೆ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು: ಪೂರ್ತಿ ಇಳಿದುಹೋಗಿದೆ. ಒಂದು ಹನಿಯೂ ಉಳಿದಿಲ್ಲ.

ಉಳಿದ ಮೊಟ್ಟೆಗಳ ಮೇಲೂ ನಕ್ಷತ್ರದ ಬಿರುಕು ಬಿದ್ದಿತ್ತು. ಒಂದೆರಡರಲ್ಲಿ ಕೊಕ್ಕಿನ ತುದಿ ಕಾಣುತ್ತಿತ್ತು. ಅಲ್ಲಿಗೇ ನಿಂತಿದ್ದವು. ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು, ಬಿರುಕು ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಟೋಪಿ ಅವುಗಳ ನಡುವೆ ಓಡಾಡಿಕೊಂಡು ಕರೆಯುತ್ತಿತ್ತು. ನಾನು ಮಾಡಿದ ತಪ್ಪು ಆಗ ನನಗೆ ತಿಳಿಯಿತು. ಬೇರೆ ಊರಿನವರು ಹೊಸದಾಗಿ ಮರಿ ಮಾಡಿಸುವಾಗ ಶಾಖದಲ್ಲಿ ತಪ್ಪುತ್ತಾರೆ, ನೀರಿನಲ್ಲಿ ತಪ್ಪುತ್ತಾರೆ. ನಾನು ಎರಡನ್ನೂ ಸರಿಯಾಗಿ ನೋಡಿಕೊಂಡಿದ್ದೆ. ಆದರೆ ಪೆಟ್ಟಿಗೆಗೆ ಕಾಯುವುದು ಬಿಟ್ಟು, ನನಗೇ ಗೊತ್ತಿಲ್ಲದೆ, ಒಂದೇ ಒಂದು ಮೊಟ್ಟೆಗೆ ಕಾದಿದ್ದೆ.

ಮತ್ತೆ ಅಂಗೈ ಇಟ್ಟೆ, ನಂದು ಎಂದೆ. ಕೈ ಹಿಡಿಯಲಿಲ್ಲ. ಮರಿಗಳು ಹಾಗೆ ಅರ್ಧಕ್ಕೆ ನಿಂತರೆ ಒಳಗಿನ ಪೊರೆ ಒಣಗಿ ಬಿಗಿದುಕೊಳ್ಳುತ್ತದೆ. ಸಂಜೆಯವರೆಗೆ ಉಳಿಯಲಾರವು. ಬರಿಗಾಲಲ್ಲಿ ಬೀದಿಗಿಳಿದೆ. ದಾಕ್ಷಾಯಕ್ಕ ನನ್ನ ಮಾತು ಕೇಳಿ ಕಣ್ಣು ತುಂಬಿಕೊಂಡಳು. ಹೆರಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಎದುರು ಮನೆಯ ನಿವೃತ್ತ ಮೇಷ್ಟ್ರು ಬೆಳಗಿನಿಂದ ನಿದ್ದೆಗೆ ಕಾಯುತ್ತಿದ್ದವರು ಆಗತಾನೇ ಅದು ಬಂದು ಮಲಗಿದ್ದರು. ಟೈಲರ್ ಬಸವಣ್ಣ ಮಾತ್ರ ಕತ್ತರಿ ಕೆಳಗಿಟ್ಟು ಎದ್ದು ಬಂದ. ಅವನು ತಮ್ಮ ಬರುವ ಬಸ್ಸಿಗೆ ಕಾಯುತ್ತಿದ್ದ. ಅದನ್ನು ನನಗೆ ಒಪ್ಪಿಸಿ, ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತ. ಪಾಪ, ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದ. ಆದರೆ ಆ ಮೊಟ್ಟೆಗಳನ್ನು ಅವನು ನೋಡುತ್ತಿದ್ದದ್ದೇ ಆಗ ಮೊದಲು, ಮನಸ್ಸು ಅವುಗಳ ಮೇಲೆ ಕೂರಲಿಲ್ಲ. ಅಷ್ಟರಲ್ಲಿ ನಾನು ಚೆನ್ನಾಗಿ ಕಾದೆನೆಂದು ಕಾಣುತ್ತದೆ, ತಿರುವಿನಲ್ಲಿ ಬಸ್ಸು ಬಂದೇಬಿಟ್ಟಿತು. ಅವನು ಕೈ ಎತ್ತಿ, ತಪ್ಪು ತಿಳ್ಕೋಬೇಡ ತಂಗಿ, ತಮ್ಮನ ಹತ್ತಿರ ಸಾಮಾನು ಬಹಳ ಇದೆ ಎಂದು ಓಡಿದ. ನಾನು ಮತ್ತೆ ಖಾಲಿಯಾದೆ. ಟಿಕ್ ಟಿಕ್ ಎಂಬುದು ಮೊದಲಿಗಿಂತ ವಿರಳವಾಗಿತ್ತು.

ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತಿದ್ದೆ. ಹಿಂದೆ ಯಾರೋ ನಿಂತಂತಾಯಿತು. ಅತ್ತೆ. ಜಗಲಿ ಬಿಟ್ಟು ಬಂದಿದ್ದಳು. ನನ್ನ ಪಕ್ಕ ಕೂತು, ಗಾಜಿನೊಳಗೆ ನೋಡಿ, “ಇನ್ನೂ ಕೂಗ್ತಾ ಅವೆ” ಎಂದಳು. ಹೂಂ ಎಂದೆ. ಆಮೇಲೆ, “ಕೈ ಕೊಡು” ಎಂದಳು.

ನನಗೆ ತಿಳಿಯಲಿಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ ಅತ್ತೆ, ನನ್ನದು ಮುಗಿದುಹೋಯಿತು ಎಂದೆ.

“ಗೊತ್ತು ಕಣೆ. ಖಾಲಿ ಇದ್ದೀಯಲ್ಲ, ಅದಕ್ಕೇ ಕೇಳ್ತಿರೋದು. ನಂದು ಇಳಿಸ್ದೆ ನಾನು ಇವನ್ನ ಹೆಂಗೆ ಎತ್ಕೊಳ್ಳಲಿ?”

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಬೇಡ ಎಂದೆ. ನಾನು ಮಾವನನ್ನು ಸರಿಯಾಗಿ ನೋಡಿಯೇ ಇಲ್ಲ, ನನ್ನ ಮನಸ್ಸು ಯಾವುದರ ಮೇಲೂ ನಿಲ್ಲುವುದಿಲ್ಲ, ನಾನು ಕೈಜಾರಿಸಿದರೆ ಅವನು ಎಂದಿಗೂ ಬರುವುದಿಲ್ಲ ಎಂದೆ. ನಾಲ್ಕು ಗೌಜಲಮರಿಗಳಿಗೋಸ್ಕರ ಇಷ್ಟು ವರ್ಷದ್ದನ್ನು ನನ್ನಂಥವಳ ಕೈಗೆ ಹಾಕಬೇಡ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನನ್ನ ಕೈಯನ್ನು ತಾನೇ ತೆಗೆದುಕೊಂಡು ತೊಡೆಯ ಮೇಲೆ ಬಿಡಿಸಿಟ್ಟುಕೊಂಡಳು.

“ಗುರುತು ಹೇಳ್ತೀನಿ, ಕೇಳು. ಮುಖ ಕೇಳಬ್ಯಾಡ. ಮುಖ ನಂಗೂ ಈಗ ಸರಿಯಾಗಿ ಬರಾಕಿಲ್ಲ. ಮೂಗು ಬಂದ್ರೆ ಕಣ್ಣು ಬರಾಕಿಲ್ಲ. ಅದಕ್ಕೇ ಯಾರಿಗೂ ಕೊಡ್ಲಿಲ್ಲ ಕಣೆ, ಗುರುತು ಕೇಳ್ದಾಗ ಏನು ಹೇಳ್ಲಿ ಅಂತ.” ಅವಳ ದನಿ ಮಾಮೂಲಾಗಿಯೇ ಇತ್ತು, ಉಪ್ಪು ಎಲ್ಲಿದೆ ಎಂದು ಹೇಳುವಷ್ಟು. “ಸೈಕಲ್ ಬೆಲ್ ಹೊಡೀತಿರ್ಲಿಲ್ಲ. ತಿರುವಿಗೆ ಬಂದಾಗ ಒಂದ್ಸಲ ಕೆಮ್ಮೋನು. ಕಾಯಿಲೆ ಕೆಮ್ಮಲ್ಲ, ಬಂದೆ ಅನ್ನೋ ಕೆಮ್ಮು. ನಾನು ಅದು ಕೇಳಿ ಸಾರು ಬಿಸಿಗಿಡೋಳು. ಎಡಗೈ ಬೆರಳಿಗೆ ಸೂಜಿ ಚುಚ್ಚಿ ಉಗುರು ಎರಡು ಸೀಳಾಗಿತ್ತು. ಅನ್ನ ಕಲಸುವಾಗ ಆ ಬೆರಳು ಎತ್ತಿಕೊಂಡೇ ಕಲಸೋನು. ಇಷ್ಟೇ ಉಳಿದಿರೋದು. ಇಷ್ಟು ಸಾಕಾಗ್ತದಾ?”

ಸಾಕು ಎಂದೆ.

ಅವಳು ಅಂಗೈಯನ್ನು ನನ್ನ ಅಂಗೈ ಮೇಲಿಟ್ಟಳು. ಬಿಸಿಯಾಗಿತ್ತು, ಮನುಷ್ಯರ ಮೈಗಿಂತ ಒಂದಿಷ್ಟೇ ಹೆಚ್ಚು. “ನಿಮ್ಮಾವ ಇನ್ನು ನಿಂದು” ಎಂದಳು. ನಂದು ಎಂದೆ. ಏನೋ ಬಂದು ನನ್ನ ಮೇಲೆ ಕುಳಿತಿತು. ಭಾರವಿರುತ್ತದೆ ಎಂದು ಹೆದರಿದ್ದೆ. ಭಾರಕ್ಕಿಂತ ಹೆಚ್ಚಾಗಿ ಅದು ಬಳಸಿ ಬಳಸಿ ನುಣುಪಾಗಿತ್ತು, ಹಳೆಯ ಒನಕೆಯ ಹಿಡಿಯಂತೆ. ಅತ್ತೆಯ ಭುಜಗಳು ಇಳಿದವು. ಅವಳು ಕಣ್ಣು ಮುಚ್ಚಿ ಬಾಯಿ ತೆರೆದು ಒಂದು ಉಸಿರು ಬಿಟ್ಟಳು. ನನಗೆ ಹೆದರಿಕೆಯಾಗಿ ತೋಳು ಹಿಡಿದುಕೊಂಡೆ. ಅವಳು ಕೊಡವಿಕೊಂಡು ಪೆಟ್ಟಿಗೆಯ ಮೇಲೆ ಎರಡೂ ಕೈಯಿಟ್ಟು, “ಇವು ನಂದು. ಎಲ್ಲಾವೂ” ಎಂದಳು.

ನಾನು ಎದ್ದು ಜಗಲಿಗೆ ಹೋದೆ. ಹೋಗಲೇಬೇಕಾಗಿತ್ತು. ಅಲ್ಲಿಂದ ತಿರುವು ಕಾಣುತ್ತಿತ್ತು, ಒಳಗಿನದು ಕೇಳಿಸುತ್ತಿತ್ತು. ಬಿಸಿಲು ಜಗಲಿಯ ಅಂಚಿಗೆ ಇಳಿಯುವ ಹೊತ್ತಿಗೆ ಟಿಕ್ ಟಿಕ್ ಎಂಬುದು ದಟ್ಟವಾಯಿತು, ಒಂದರ ಮೇಲೊಂದು ಬಿದ್ದು ಲೆಕ್ಕಕ್ಕೆ ಸಿಗದಾಯಿತು. ಆಮೇಲೆ ಕಡಲೆಕಾಯಿ ಸುಲಿದಂಥ ಸದ್ದು. ಚಿಪ್ಪು ಬೀಳುವುದು, ಸಣ್ಣ ಕಾಲುಗಳು ಜಾಲರಿಯ ಮೇಲೆ ಓಡುವುದು, ಚೀಂವ್ ಚೀಂವ್ ಎಂದು ಮನೆಯೇ ಕೂಗಿಕೊಂಡಂತಾಗುವುದು. ಅದರ ನಡುವೆ ಇನ್ನೊಂದು ದನಿ. ಅದು ಯಾರದ್ದೆಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ನಗುತ್ತಿದ್ದಳು. ನಾನು ಅದನ್ನು ಹಿಂದೆ ಕೇಳಿರಲಿಲ್ಲ.

ಎರಡು ಮೊಟ್ಟೆಗಳು ಒಡೆಯಲಿಲ್ಲ. ಅವುಗಳಲ್ಲಿ ಮೊದಲಿನಿಂದಲೂ ಏನೂ ಇರಲಿಲ್ಲ ಎಂದು ಬಾಬಾಜಾನ್ ಆಮೇಲೆ ಬೆಳಕಿಗೆ ಹಿಡಿದು ಹೇಳಿದ. ಅತ್ತೆ ಅವನ್ನೂ ತೆಗೆದುಕೊಂಡು ಹೋಗಿ ದಾಸವಾಳದ ಬುಡದಲ್ಲಿ ಹೂತಳು. ಮರಿಗಳು ನೀರಿನ ತಟ್ಟೆಯಲ್ಲಿ ಮುಳುಗಬಾರದೆಂದು ಅಣ್ಣನ ಮಕ್ಕಳ ಹತ್ತಿರ ಗೋಲಿ ಇಸಿದುಕೊಂಡು ಬಂದು ತಟ್ಟೆಗೆ ಹಾಕಿದ್ದೂ ಅವಳೇ. ಆ ರಾತ್ರಿ ಅವಳು ರಗ್ಗಿನ ಮೇಲೆ, ಪೆಟ್ಟಿಗೆಯ ಪಕ್ಕದಲ್ಲಿ, ತಿರುವಿಗೆ ಬೆನ್ನು ಹಾಕಿ ಮಲಗಿದಳು.

ಮರಿಗಳಿಗೆ ರೆಕ್ಕೆಯ ಗರಿ ಮೂಡಿದಾಗ ಅವಳು ಒಂದು ದಿನ ನನ್ನ ಹತ್ತಿರ ಬಂದು, ಇನ್ನು ಕೊಡು ನಂದು ನಂಗೆ ಎಂದಳು. ಬಹಳ ಭಾರ ಆಗಿರಬೇಕು ನಿನಗೆ ಎಂದಳು. ನಾನು ಸ್ವಲ್ಪ ಯೋಚಿಸಿದೆ. ಮಾವ ಬರುತ್ತಾನೆಂದು ನನಗೆ ನಂಬಿಕೆಯಿತ್ತೆಂದು ಹೇಳಲಾರೆ. ಆದರೆ ಪ್ರತಿ ಸಂಜೆ ರಸ್ತೆಯಲ್ಲಿ ಯಾರು ಕೆಮ್ಮಿದರೂ ಅದು ಯಾವ ಕೆಮ್ಮು ಎಂದು ನನಗೆ ತಿಳಿಯತೊಡಗಿತ್ತು. ಶೀತದ್ದು, ಬೀಡಿಯದ್ದು, ಸಾಲಗಾರನನ್ನು ಕಂಡು ಮುಜುಗರಕ್ಕೆ ಕೆಮ್ಮಿದ್ದು. ಬಂದೆ ಅನ್ನುವ ಕೆಮ್ಮು ಮಾತ್ರ ಇನ್ನೂ ಕೇಳಿಸಿರಲಿಲ್ಲ. ಅಷ್ಟು ದಿನ ನನ್ನ ಮನಸ್ಸು ಹಿಂದೆಂದೂ ಯಾವುದರ ಮೇಲೂ ಕುಳಿತದ್ದಿಲ್ಲ. ಇರಲಿ ಬಿಡು ಅತ್ತೆ, ಮರಿ ದೊಡ್ಡವಾಗಲಿ ಎಂದೆ. ಅವಳು ನನ್ನ ಮುಖವನ್ನೇ ನೋಡಿ, ತಲೆ ಸವರಿ, ಕಾಳು ಒಡೆಯಲು ಹೋದಳು. ಮತ್ತೆ ಕೇಳಲಿಲ್ಲ.

ದಾಕ್ಷಾಯಕ್ಕನ ಮಗಳಿಗೆ ಹೆಣ್ಣುಮಗುವಾಯಿತು. ಬಾಣಂತಿಗೆ ಮಜ್ಜಿಗೆ ಸಾರು ಕೊಡುವ ದಿನ ಬಂದಾಗ ಅವಳು ಹಳೆಯ ಪಾತ್ರೆಯನ್ನೇ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು, ಜಗಲಿಯ ಮೇಲೆ ಕುಳಿತಿದ್ದ ನನ್ನನ್ನು ದಾಟಿ ಒಳಕ್ಕೆ ಮುಖ ಮಾಡಿ, “ಕುಮುದ ಖಾಲಿ ಇದ್ದಾಳಾ?” ಎಂದು ಎಂದಿನಂತೆ ಕೂಗಿದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳ ಭುಜದ ಮೇಲೆ ಟೋಪಿ ಕೂತಿತ್ತು.

“ಅವಳು ಖಾಲಿ ಇಲ್ಲ ಕಣವ್ವ. ನಾನಿದ್ದೀನಿ, ಪಾತ್ರೆ ತಾ” ಎಂದಳು.

ದಾಕ್ಷಾಯಕ್ಕ ಪಾತ್ರೆ ಹಿಡಿದು ಹಾಗೇ ನಿಂತಳು. ಆಮೇಲೆ ಪಾತ್ರೆ ಕೆಳಗಿಟ್ಟು, ಮುಚ್ಚಳದ ನೆಗ್ಗು ತೋರಿಸಿ, ಬಾಣಂತಿಗೆ ಹುಳಿಯಾಗಬಾರದು ನಿಂಗಕ್ಕ ಎಂದು ಹೇಳಿ, ಅತ್ತೆಯ ಅಂಗೈ ಮೇಲೆ ಅಂಗೈ ಇಟ್ಟಳು. ನಾನು ರಸ್ತೆಯ ಕಡೆಗೆ ತಿರುಗಿಕೊಂಡೆ. ಬೆನ್ನ ಹಿಂದೆ, ಎಷ್ಟೋ ವರ್ಷಗಳ ಮೇಲೆ, ಆ ಮನೆಯಲ್ಲಿ ಹಾಲು ಹೆಪ್ಪಾಗಲು ಶುರುವಾಯಿತು.